ಬುದ್ಧನ ಹೆಸರಿನ ಬಾಂಬು, ಆಗುಂಬೆಯ ಮಳೆ

(ಸಾಗರದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಸಾಗರ, ಹೊಸನಗರ, ತೀರ್ಥಹಳ್ಳಿಯ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಅಣುಬಾಂಬಿನ ಮಾತು ಯಾಕಯ್ಯಾ, ಸ್ಕಾಲರ್‌ಶಿಪ್ ಮಾತಾಡು ಅಂತ ನೀವು ಕೇಳಬಹುದು. ಸ್ಕಾಲರ್‌ಶಿಪ್ಪಿನ ಮಾತೂ ಇದರೊಳಗೇ ಇದೆ.

1974ರ ಮೇ 18ರಂದು ಪೋಖ್ರಾನಿನಲ್ಲಿ ಮೊದಲ ಅಣುಸ್ಫೋಟ ಆಯಿತು. ಅದಕ್ಕಿಟ್ಟ ಹೆಸರು 'ನಗುವ ಬುದ್ಧ'. 1998ರ ಮೇ 11ರಂದು, ಬುದ್ಧಪೂರ್ಣಿಮೆಯ ದಿನವೇ, ಮತ್ತೆ ಸಿಡಿಸಿದರು. ಮೇ 28ಕ್ಕೆ ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ಉತ್ತರ ಕೊಟ್ಟಿತು. 1956ರಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರನ್ನು ಕರಕೊಂಡು ಯಾವ ಬುದ್ಧನ ಬಳಿಗೆ ಹೋದರೋ ಆ ಬುದ್ಧನ ಹೆಸರನ್ನು ನಮ್ಮನ್ನೊಂದು ಮಾತೂ ಕೇಳದೆ ಬಾಂಬಿಗೆ ಅಂಟಿಸಿದರು.

ಬಾಂಬಿದ್ದರೆ ಯುದ್ಧವೇ ಆಗಲ್ಲ ಅಂದರು. ಮರುವರ್ಷವೇ ಕಾರ್ಗಿಲ್ ಆಯಿತು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ನಮ್ಮ ಶಿವಮೊಗ್ಗದಲ್ಲೂ ಅಳು ಎದ್ದಿತು. ಕೊಂದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇ 7ರಿಂದ 10ರವರೆಗೆ ಬಾಂಬಿರುವ ಎರಡು ದೇಶಗಳು ಕ್ಷಿಪಣಿ, ಡ್ರೋನ್ ಹಾರಿಸಿಕೊಂಡವು. ಆಗ ಸೈರನ್ ಅಭ್ಯಾಸದ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರಿನ ಜೊತೆ ಕಾರವಾರವೂ ಇತ್ತು. ಕಾರವಾರದಲ್ಲಿ ನೌಕಾನೆಲೆ, ಅದರ ಮಗ್ಗುಲಿಗೆ ಕೈಗಾ. ಸಾಗರದಿಂದ ಕೈಗಾಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸು. ಗಾಳಿಗೆ ತಾಲೂಕಿನ ಗಡಿ ಗೊತ್ತಿಲ್ಲ.

2025ರಲ್ಲಿ ಸಿಪ್ರಿ ಸಂಸ್ಥೆ ಕೊಟ್ಟ ಅಂದಾಜು: ಭಾರತದ ಬಳಿ ಸುಮಾರು 180 ಅಣು ಸಿಡಿತಲೆ, ಪಾಕಿಸ್ತಾನದ ಬಳಿ ಸುಮಾರು 170. ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಿರೋಶಿಮಾ ಗಾತ್ರದ ನೂರು ಬಾಂಬು ಪಟ್ಟಣಗಳ ಮೇಲೆ ಬಿದ್ದರೆ ಸಾಕು, ಉರಿದ ಊರುಗಳ ಮಸಿ ಆಕಾಶಕ್ಕೇರಿ ವರ್ಷಗಟ್ಟಲೆ ಬಿಸಿಲು ಕುಂದುತ್ತದೆ, ಮುಂಗಾರು ಕುಗ್ಗುತ್ತದೆ. ಬಾಂಬು ಬೀಳೋದು ದೆಹಲಿ, ಲಾಹೋರಿನ ಮೇಲೇ ಇರಲಿ, ಮಳೆ ತಪ್ಪೋದು ಆಗುಂಬೆಯಲ್ಲಿ, ಹುಲಿಕಲ್ಲಿನಲ್ಲಿ. ಗದ್ದೆಯಿದ್ದೋರ ಕಣಜ ಒಂದು ವರ್ಷ ತಾಳೀತು. ಕೂಲಿಯವರ ಮನೆಯಲ್ಲಿ ಕಣಜ ಎಲ್ಲಿದೆ? ಮೊದಲು ಬರಿದಾಗೋದು ರೇಷನ್ ಅಂಗಡಿ, ಆಮೇಲೆ ಹಾಸ್ಟೆಲಿನ ಅನ್ನದ ಪಾತ್ರೆ.

ಬೀಳದ ಬಾಂಬಿಗೂ ಬೆಲೆ ಇದೆ. ಚಳ್ಳಕೆರೆಯ ಬಳಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ದನ ಮೇಯುತ್ತಿದ್ದ ಕಡೆ ಗೋಡೆ ಎದ್ದಿತು.

ಇದನ್ನೆಲ್ಲ ಕೇಳಿದರೆ ದೇಶದ್ರೋಹಿ ಅಂತಾರೆ. ಅನ್ನಲಿ. ದೇಶ ಅಂದರೆ ಈ ಜನ, ಈ ಮಳೆ, ಈ ಅನ್ನ. ಮೊದಲು ನಾವು ಬಾಂಬು ಹಾಕಲ್ಲ ಅಂತ ಭಾರತ 2003ರಲ್ಲಿ ಬರೆದು ಪ್ರಕಟಿಸಿದೆ. ಆ ಮಾತು ಸಡಿಲಾಗಬಾರದು ಅಂತ ಕೇಳೋಣ. ಪಾಕಿಸ್ತಾನವೂ ಅದೇ ಮಾತು ಕೊಡಲಿ, ಎರಡೂ ಕಡೆಯವರು ಕೂತು ಬಾಂಬು ಕಡಿಮೆ ಮಾಡಲಿ ಅಂತ ಕೇಳೋಣ. ಬರುವ ಆಗಸ್ಟ್ 6, ಹಿರೋಶಿಮಾ ದಿನ, ಒಂದೊಂದು ಹಾಸ್ಟೆಲಿನಲ್ಲೂ ಕೂತು ಮಾತಾಡೋಣ.

1951ರಲ್ಲಿ ಇದೇ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಧಣಿಯ ಕೊಳಗದ ಅಳತೆಯನ್ನು ಪ್ರಶ್ನಿಸಿ ಎದ್ದು ನಿಂತರು. ಅಳತೆ ಕೇಳಿದ ಮಣ್ಣಿದು. ನಾವೂ ಕೇಳೋಣ: ಬಾಂಬಿಗೆ ಎಷ್ಟು ಕೊಳಗ? ನಮ್ಮ ಅನ್ನಕ್ಕೆ, ಅಕ್ಷರಕ್ಕೆ ಎಷ್ಟು ಕೊಳಗ?