ಕಂಪನದಿಂದ ಮೂಡುವ ಒರಟುತನ

ನಯ, ಒರಟು ಎಂಬುವು ವಸ್ತುವಿನ ಮೇಲ್ಮೈಯಲ್ಲೇ ನೆಲೆಸಿದ ಗುಣಗಳೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ನವಿರಾದ ಉಪ್ಪುಕಾಗದದ ಮೇಲೆ ಬೆರಳನ್ನು ಅಲುಗಿಸದೆ ಇರಿಸಿದರೆ ಅದರ ತರಿಯ ಅರಿವು ಬಹುಮಟ್ಟಿಗೆ ಮಸುಕಾಗಿಯೇ ಉಳಿಯುತ್ತದೆ, ಬೆರಳು ಸರಿದ ಕ್ಷಣವೇ ಸ್ಪಷ್ಟವಾಗುತ್ತದೆ. ಜರ್ಮನ್ ಮನೋವಿಜ್ಞಾನಿ ಡೇವಿಡ್ ಕಾಟ್ಸ್ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೊಡ್ಡ ಉಬ್ಬುತಗ್ಗುಗಳನ್ನು ಚರ್ಮವು ಅವುಗಳ ಹರವಿನಿಂದಲೂ ಸೂಕ್ಷ್ಮವಾದವನ್ನು ಕಂಪನದಿಂದಲೂ ಗ್ರಹಿಸುತ್ತದೆಂದು ಪ್ರತಿಪಾದಿಸಿದರು. ಬೆರಳನ್ನು ದೀರ್ಘಕಾಲ ಕಂಪನಕ್ಕೆ ಒಡ್ಡಿ ದಣಿಸಿದಾಗ ಸೂಕ್ಷ್ಮ ಮೇಲ್ಮೈಗಳ ವ್ಯತ್ಯಾಸ ಮಾತ್ರ ತಿಳಿಯದೆ ಹೋಗುವುದನ್ನು ಮಾರ್ಕ್ ಹಾಲಿನ್ಸ್ ಮತ್ತು ಸಹಸಂಶೋಧಕರು ಮುಂದೆ ತೋರಿಸಿದ್ದು ಈ ವಾದಕ್ಕೆ ಗಟ್ಟಿಯಾದ ಆಧಾರವಾಯಿತು.

ಈ ಕಂಪನವನ್ನು ಮುಖ್ಯವಾಗಿ ಗ್ರಹಿಸುವುದು ಚರ್ಮದ ಆಳದಲ್ಲಿರುವ ಪ್ಯಾಸಿನಿ ಕಣಗಳೆಂಬ ನರತುದಿಗಳು. ಸೆಕೆಂಡಿಗೆ ಸುಮಾರು 250 ಬಾರಿ, ಅಂದರೆ 250 ಹರ್ಟ್ಸ್‌ನಲ್ಲಿ, ಮಿಡಿಯುವ ಅಲುಗಾಟಕ್ಕೆ ಅವು ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತವೆ. 0.4 ಮಿಲಿಮೀಟರ್ ಅಂತರದ ಗೆರೆಗಳ ಮೇಲೆ ಬೆರಳು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಸರಿದರೆ ಹುಟ್ಟುವುದು ಇದೇ 250 ಹರ್ಟ್ಸ್, ವೇಗವನ್ನು ಅರ್ಧಕ್ಕೆ ಇಳಿಸಿದರೆ 125. ಆದ್ದರಿಂದ ಇಲ್ಲದ ಮೇಲ್ಮೈಯ ಸ್ಪರ್ಶವನ್ನು ಕೃತಕವಾಗಿ ಮೂಡಿಸಲು ಬೆರಳಿಗೆ ತೊಡಿಸುವ ಸಾಧನವು ಒಂದೇ ಲಯದಲ್ಲಿ ನಡುಗುತ್ತಿದ್ದರೆ ಅದು ಮೋಟಾರಿನ ನಡುಕವೆನಿಸುತ್ತದೆಯೇ ಹೊರತು ಬಟ್ಟೆಯೋ ಮರವೋ ಎನಿಸುವುದಿಲ್ಲ. ಕೈಯ ಚಲನೆಯನ್ನು ಅಳೆಯುವುದೇ ಇಲ್ಲಿ ಮೊದಲ ಕೆಲಸ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಕುಚೆನ್‌ಬೆಕರ್, ಹೆದರ್ ಕಲ್ಬರ್ಟ್‌ಸನ್ ಮತ್ತು ಸಂಗಡಿಗರು ಹಿಡಿದ ದಾರಿ ಇದೇ ಆಗಿತ್ತು. ವೇಗವರ್ಧನೆಯನ್ನು ಅಳೆಯುವ ಸಂವೇದಕವನ್ನು ಲೇಖನಿಯಂಥ ಸಲಕರಣೆಗೆ ಜೋಡಿಸಿ, ಅದನ್ನು ನಿಜವಾದ ಮೇಲ್ಮೈಗಳ ಮೇಲೆ ಎಳೆದು, ಒತ್ತಡ ಮತ್ತು ವೇಗಗಳು ಬದಲಾದಂತೆ ಕಂಪನವೂ ಹೇಗೆ ಬದಲಾಗುತ್ತದೆಂಬುದನ್ನು ಗಣಿತೀಯ ಮಾದರಿಗಳಲ್ಲಿ ಹಿಡಿದಿಟ್ಟ ಅವರು, 2014ರಲ್ಲಿ 100 ವಸ್ತುಗಳ ಸಂಗ್ರಹವನ್ನು ಎಲ್ಲ ಸಂಶೋಧಕರಿಗೂ ಮುಕ್ತವಾಗಿಸಿದರು. ಈ ಔದಾರ್ಯದ ಬೆಲೆ ದೊಡ್ಡದು, ಏಕೆಂದರೆ ಪ್ರತಿ ಪ್ರಯೋಗಾಲಯವೂ ಅಳತೆಯನ್ನು ಮೊದಲಿನಿಂದ ಆರಂಭಿಸಬೇಕಾದ ಹೊರೆ ಅದರಿಂದ ತಗ್ಗಿತು. ಪ್ಯಾಸಿನಿ ಕಣಗಳು ಕಂಪನದ ದಿಕ್ಕನ್ನು ಅಷ್ಟಾಗಿ ಗುರುತಿಸದ ಕಾರಣ ಮೂರು ದಿಕ್ಕುಗಳ ಅಳತೆಯನ್ನು ಒಂದಾಗಿಸಿ ಒಂದೇ ಪುಟ್ಟ ಕಂಪಕದಿಂದ ಹೊಮ್ಮಿಸಲು ಸಾಧ್ಯವಾಗುತ್ತದೆ.

ಕಂಪಕವನ್ನು ಬೆರಳ ತುದಿಗೇ ಕಟ್ಟಿದರೆ ನಿಜವಾದ ವಸ್ತುವಿನ ಸ್ಪರ್ಶಕ್ಕೆ ಅಡ್ಡಿಯಾಗುತ್ತದೆ. ಜಪಾನಿನ ಹಿದೆಯುಕಿ ಆಂದೊ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ ಸಾಧನವು ಉಗುರಿನ ಮೇಲೆ ಕುಳಿತಿತ್ತು. ಬೆರಳು ನುಣುಪಾದ ಹಾಳೆಯ ಮೇಲಿನ ಚಿತ್ರದ ಗೆರೆಯನ್ನು ದಾಟುವಾಗ ಅದು ಕಂಪಿಸಿ, ಅಲ್ಲಿ ಇಲ್ಲದ ಏಣೊಂದನ್ನು ಬೆರಳ ಕೆಳಬದಿಯಲ್ಲಿ ಮೂಡಿಸುತ್ತಿತ್ತು.

ಹೀಗಿದ್ದರೂ ಲೋಹದ ತಂಪು, ಸ್ಪಂಜಿನ ಮೆದುತನ, ರಬ್ಬರಿನ ಹಿಡಿತ ಇವು ಕಂಪನ ಮಾತ್ರದಿಂದ ದೊರೆಯುವಂಥವಲ್ಲ. ಅವುಗಳಿಗೆ ಶಾಖವನ್ನು ಸೆಳೆಯುವ, ಚರ್ಮವನ್ನು ಒತ್ತುವ ಮತ್ತು ಪಕ್ಕಕ್ಕೆ ಜಗ್ಗುವ ಬೇರೆ ಭಾಗಗಳೇ ಬೇಕಾಗುತ್ತವೆ.