ರೋಗಿಯ ತೂಕ, ಹೊಲದ ಲೆಕ್ಕ

(ಬಳಗದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನೀರು, ಬೀಜಗಳ ವಿಚಾರಕ್ಕೆ ಸೇರಿದ ಸಭೆಯಲ್ಲಿ ಆಸ್ಪತ್ರೆಯೊಂದರ ಪ್ರಸ್ತಾಪ ಏಕೆ ಎಂಬ ಪ್ರಶ್ನೆ ಸಹಜ. ಒಂದು ಪ್ರದೇಶದ ಬೇಸಾಯ ಹೇಗಿದೆ ಎಂಬುದನ್ನು ಮಣ್ಣಿನ ಪರೀಕ್ಷೆ ಮತ್ತು ಇಳುವರಿಯ ಅಂಕಿ ಅಂಶಗಳು ಅರ್ಧ ಮಾತ್ರ ಹೇಳುತ್ತವೆ. ಉಳಿದರ್ಧವನ್ನು ಆ ಬೇಸಾಯದಿಂದ ಉಣ್ಣುವವರ ಮೈ ಹೇಳುತ್ತದೆ. ಆ ಅರ್ಧವನ್ನು ಶ್ರದ್ಧೆಯಿಂದ ಬರೆದಿಟ್ಟ ಆಸ್ಪತ್ರೆಯೊಂದು ಛತ್ತೀಸಗಢದಲ್ಲಿದೆ. ಅದರ ದಾಖಲೆಗಳಿಂದ ಮಲೆನಾಡು ಕಲಿಯಬೇಕಾದುದು ಬಹಳಷ್ಟಿದೆ.

ಬಿಲಾಸಪುರ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಗನಿಯಾರಿ ಎಂಬ ಊರಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ಕೆಲವು ವೈದ್ಯರು 1990ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಅವರು ಕಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಹೆಸರು 'ಜನ ಸ್ವಾಸ್ಥ್ಯ ಸಹಯೋಗ'. ಬಳಕೆಯಿಲ್ಲದೆ ಬಿದ್ದಿದ್ದ ಸರ್ಕಾರಿ ಕಟ್ಟಡಗಳನ್ನು ದುರಸ್ತಿ ಮಾಡಿಕೊಂಡು ಆಸ್ಪತ್ರೆ ಆರಂಭವಾಯಿತು. ಅಚಾನಕ್‌ಮಾರ್ ಅರಣ್ಯದ ಒಳಗೂ ಅಂಚಿನಲ್ಲೂ ಇರುವ ಗೊಂಡ, ಬೈಗಾ ಮೊದಲಾದ ಸಮುದಾಯಗಳ ಹಳ್ಳಿಗಳೇ ಇದರ ಮುಖ್ಯ ಕಾರ್ಯಕ್ಷೇತ್ರ.

ಈ ವೈದ್ಯರು ಮೊದಲು ಗಮನಿಸಿದ್ದು ದೂರವನ್ನು. ಜ್ವರ ಬಂದವನು ಕೂಲಿ ಬಿಟ್ಟು, ಬಸ್ಸಿಗೆ ಹಣ ಹೊಂದಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಲೇರಿಯಾ ಮೆದುಳಿಗೇರಿರಬಹುದು. ಆದ್ದರಿಂದ ಪ್ರತಿ ಹಳ್ಳಿಯಲ್ಲೂ ಅಲ್ಲಿಯವರೇ ಆದ ಮಹಿಳೆಯರನ್ನು ಆರಿಸಿ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಲಾಯಿತು. ಅವರಲ್ಲಿ ಹಲವರು ಹೆಚ್ಚು ಓದಿದವರಲ್ಲ. ಜ್ವರದವರ ಬೆರಳಿನಿಂದ ರಕ್ತದ ಲೇಪ ತೆಗೆದು, ಗಾಜಿನ ಪಟ್ಟಿಯನ್ನು ಸಣ್ಣ ಡಬ್ಬಿಯಲ್ಲಿಟ್ಟು, ಗನಿಯಾರಿಯ ಕಡೆಗೆ ಹೋಗುವ ಬಸ್ಸಿಗೆ ಕೊಡುವುದನ್ನು ಅವರು ಕಲಿತರು. ಪರೀಕ್ಷೆಯ ಫಲಿತಾಂಶವೂ ಬಸ್ಸಿನಲ್ಲೇ ಮರಳಿ ಬರುತ್ತಿತ್ತು. ರೋಗಿಯ ಬದಲು ರಕ್ತದ ಹನಿಯೊಂದೇ ಪ್ರಯಾಣ ಮಾಡಿದರೆ ಸಾಕೆಂಬ ಈ ಏರ್ಪಾಡಿಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಊರಿನ ವ್ಯವಸ್ಥೆಯನ್ನು ಬಲ್ಲ ಬುದ್ಧಿ ಬೇಕಾಯಿತು.

ಆದರೆ ಗನಿಯಾರಿಯ ಅತಿ ಮುಖ್ಯ ಪಾಠ ದೊರಕಿದ್ದು ತೂಕದ ಯಂತ್ರದಿಂದ. ಅಲ್ಲಿ ಕ್ಷಯರೋಗಿಗಳ ಎತ್ತರ, ತೂಕಗಳನ್ನು ತಪ್ಪದೆ ದಾಖಲಿಸುತ್ತಿದ್ದರು. 2004ರಿಂದ 2009ರವರೆಗೆ ಶ್ವಾಸಕೋಶದ ಕ್ಷಯದಿಂದ ಬಂದ 1,695 ವಯಸ್ಕರ ವಿವರಗಳು 2013ರಲ್ಲಿ ಸಂಶೋಧನಾ ಲೇಖನವಾಗಿ ಪ್ರಕಟವಾದವು. ಗಂಡಸರ ತೂಕದ ಮಧ್ಯಾಂಕ 42.1 ಕಿಲೋ, ಹೆಂಗಸರದು 34.1 ಕಿಲೋ. ಎಂದರೆ ಬಂದ ಹೆಂಗಸರಲ್ಲಿ ಅರ್ಧದಷ್ಟು ಜನ 34 ಕಿಲೋಗಿಂತಲೂ ಕಡಿಮೆ ತೂಗುತ್ತಿದ್ದರು. ಐದಡಿಗಿಂತ ತುಸು ಕಡಿಮೆ, 150 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳಿಗೆ ಆರೋಗ್ಯದ ಕನಿಷ್ಠ ಮಿತಿಯೇ ಸುಮಾರು 41.6 ಕಿಲೋ ಎಂಬುದನ್ನು ಇಲ್ಲಿ ನೆನೆಯಬೇಕು.

ಕ್ಷಯವೇ ಮೈಯನ್ನು ಕರಗಿಸುತ್ತದೆ, ಇದರಲ್ಲಿ ಆಹಾರದ ದೋಷವೇನು ಎಂದು ಯಾರಾದರೂ ಕೇಳಬಹುದು. ಉತ್ತರವೂ ಅದೇ ದಾಖಲೆಯಲ್ಲಿದೆ. ರೋಗಿಗಳಲ್ಲಿ ಶೇಕಡ 52 ಮಂದಿ ಎತ್ತರದಲ್ಲೂ ಕುಂಠಿತರಾಗಿದ್ದರು. ರೋಗವು ವಯಸ್ಕನ ತೂಕವನ್ನು ಇಳಿಸಬಲ್ಲದು, ಎತ್ತರವನ್ನು ಇಳಿಸಲಾರದು. ಎತ್ತರ ಕುಂಠಿತವಾಗುವುದು ಬಾಲ್ಯದ ಹಸಿವಿನಿಂದ. ಇನ್ನೊಂದು ಅಂಶ ಇದಕ್ಕಿಂತ ಕಠೋರವಾದುದು: ಚಿಕಿತ್ಸೆ ಮುಗಿದಾಗಲೂ ಹೆಂಗಸರಲ್ಲಿ ಅರ್ಧದಷ್ಟು ಜನ ತೀವ್ರವಾದ ಅಥವಾ ಮಧ್ಯಮ ಪ್ರಮಾಣದ ಅಪೌಷ್ಟಿಕತೆಯಲ್ಲೇ ಉಳಿದಿದ್ದರು. ಔಷಧ ರೋಗಾಣುವನ್ನು ಕೊಂದಿತ್ತು. ಮನೆಯ ಅಡಿಗೆ ಮೊದಲಿನಂತೆಯೇ ಇತ್ತು.

ಇಲ್ಲಿಂದ ಮುಂದಿನದು ಬೇಸಾಯದ ಮಾತು. ಛತ್ತೀಸಗಢವನ್ನು ಭತ್ತದ ಕಣಜವೆಂದು ಕರೆಯುತ್ತಾರೆ. ಭತ್ತದ ಮಹಾನ್ ತಜ್ಞ ಆರ್. ಎಚ್. ರಿಛಾರಿಯಾ ಅವರು 1970ರ ದಶಕದಲ್ಲಿ ಆ ಸೀಮೆಯಿಂದ ಹದಿನೇಳು ಸಾವಿರಕ್ಕೂ ಹೆಚ್ಚು ನಾಟಿ ಭತ್ತದ ಮಾದರಿಗಳನ್ನು ಸಂಗ್ರಹಿಸಿದ್ದರು. ಅಷ್ಟು ಸಾವಿರ ಬಗೆಯ ಭತ್ತ ಬೆಳೆದ ನೆಲದಲ್ಲಿ ಹೆಣ್ಣುಮಗಳೊಬ್ಬಳು 34 ಕಿಲೋ ತೂಗುವುದು ಹೇಗೆ?

ಬೀಜದ ವೈವಿಧ್ಯವೊಂದೇ ತಟ್ಟೆಯನ್ನು ತುಂಬಿಸುವುದಿಲ್ಲ. ಹೊಲ ಯಾರದು, ಮಳೆ ನಿಂತ ಮೇಲೆ ನೀರು ಯಾರಿಗೆ ಸಿಗುತ್ತದೆ, ಕಾಡಿನ ಗೆಡ್ಡೆ ಗೆಣಸು ಸೊಪ್ಪುಗಳನ್ನು ತರಲು ಬಿಡುತ್ತಾರೆಯೇ ಎಂಬುದರ ಮೇಲೆ ತಟ್ಟೆ ನಿಂತಿದೆ. ಬೈಗಾ ಜನರ ಸಾಂಪ್ರದಾಯಿಕ 'ಬೇವರ್' ಬೇಸಾಯ ಪಶ್ಚಿಮಘಟ್ಟದ ಕುಮರಿ ಬೇಸಾಯವನ್ನು ಹೋಲುವಂಥದು. ಅದರಲ್ಲಿ ಸಿರಿಧಾನ್ಯಗಳೂ ಕಾಳುಗಳೂ ಒಟ್ಟಿಗೆ ಬೆಳೆಯುತ್ತಿದ್ದವು. ಬ್ರಿಟಿಷರ ಅರಣ್ಯ ಇಲಾಖೆ ಅದನ್ನು ಹತ್ತಿಕ್ಕಿತು. ಹಾರಕ, ಸಾಮೆ, ಹುರುಳಿಗಳು ಹಿಂದೆ ಸರಿದು, ಮಳೆಯಾಶ್ರಯದ ಒಂದೇ ಬೆಳೆ ಭತ್ತ ಮುಂದೆ ಬಂದಲ್ಲೆಲ್ಲ ಅನ್ನವಾದರೂ ಸಿಕ್ಕೀತು, ಬೇಳೆ ಮತ್ತು ಎಣ್ಣೆ ಅಂಗಡಿಯ ಸರಕುಗಳಾಗುತ್ತವೆ. ಕೂಲಿಯಿಲ್ಲದ ತಿಂಗಳಲ್ಲಿ ಮೊದಲು ಬಿಟ್ಟುಹೋಗುವುದು ಅವೇ. ಈ ಕಾರಣದಿಂದಲೇ ಗನಿಯಾರಿಯ ಸಂಸ್ಥೆ ಔಷಧಿಯಷ್ಟಕ್ಕೇ ನಿಲ್ಲದೆ, ನಾಟಿ ಭತ್ತದ ತಳಿಗಳ ಸಂರಕ್ಷಣೆಗೂ ಕಡಿಮೆ ಬೀಜ ಮತ್ತು ನೀರು ಬೇಡುವ ಶ್ರೀ ಪದ್ಧತಿಗೂ ಕೈಹಾಕಿತು. ಮೂರು ವರ್ಷದೊಳಗಿನ ಮಕ್ಕಳಿಗಾಗಿ 'ಫುಲ್ವಾರಿ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಹಳ್ಳಿಗಳಲ್ಲಿ ತೆರೆಯಿತು. ತಾಯಿ ಗದ್ದೆಗೆ ಹೋದಾಗ ಮಗುವಿಗೆ ಬಿಸಿ ಊಟ ಅಲ್ಲಿಯೇ.

ಹಸಿವಿಗೂ ಕ್ಷಯಕ್ಕೂ ನಂಟಿದೆ ಎಂಬ ಅರಿವು ಹೊಸದಲ್ಲ. ಊಟ ಕೊಟ್ಟರೆ ಕ್ಷಯ ತಪ್ಪುತ್ತದೆ ಎಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಬೇಕಾಗಿತ್ತು. ಗನಿಯಾರಿಯ ಆರಂಭದ ವೈದ್ಯರಲ್ಲಿ ಇಬ್ಬರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮುಂದೆ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನಲ್ಲಿದ್ದುಕೊಂಡು, ಚೆನ್ನೈಯ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಆ ಕೆಲಸ ಮಾಡಿದರು. ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ನಡೆದ ಪ್ರಯೋಗದಲ್ಲಿ 2,800 ಕ್ಷಯರೋಗಿಗಳೂ ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನರೂ ಇದ್ದರು. ರೋಗಿಗಳೆಲ್ಲರಿಗೂ ಆಹಾರದ ಪೊಟ್ಟಣ ದೊರೆಯಿತು. ಒಂದು ಗುಂಪಿನಲ್ಲಿ ಮಾತ್ರ ಮನೆಯ ಇತರರಿಗೂ, ವಯಸ್ಕರೊಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಸೂಕ್ಷ್ಮ ಪೋಷಕಾಂಶದ ಮಾತ್ರೆಗಳನ್ನು ಕೊಡಲಾಯಿತು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡ 39ರಷ್ಟು, ಇತರರಿಗೆ ಹರಡಬಲ್ಲ ಕ್ಷಯ ಶೇಕಡ 48ರಷ್ಟು ಕಡಿಮೆಯಾಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಲಸಿಕೆಯೊಂದು ಇಷ್ಟು ರಕ್ಷಣೆ ನೀಡಿದ್ದರೆ ದೇಶವೇ ಕೊಂಡಾಡುತ್ತಿತ್ತು. ಇಲ್ಲಿ ಕೆಲಸ ಮಾಡಿದ್ದು ಅಕ್ಕಿ ಮತ್ತು ಬೇಳೆ.

ಸರ್ಕಾರವೂ ಈ ಮಾತಿಗೆ ಕಿವಿಗೊಡದೆ ಇಲ್ಲ. ಕ್ಷಯರೋಗಿಗೆ ಪೋಷಣೆಗಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಯಿತು. ಆದರೆ ಹಣ ಕೈಗೆ ಬರುವುದು ರೋಗ ಬಂದ ಬಳಿಕ. ರೋಗಕ್ಕೆ ಮುಂಚಿನ ತಟ್ಟೆಯನ್ನು ತುಂಬಿಸುವ ಹೊಣೆ ಆರೋಗ್ಯ ಇಲಾಖೆಗೆ ಮಾತ್ರ ಸೇರಿದ್ದಲ್ಲ. ಅದು ಕೃಷಿಗೆ, ಅರಣ್ಯಕ್ಕೆ, ಪಡಿತರಕ್ಕೆ ಸೇರಿದ್ದು.

ಮಲೆನಾಡಿಗೆ ಈ ನಂಟು ತಿಳಿಯದ್ದೇನಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು 1957ರಲ್ಲಿ ಹೊಸ ಜ್ವರವೊಂದು ಪತ್ತೆಯಾದಾಗಿನಿಂದ, ಕಾಡಿನ ಸ್ಥಿತಿ ಮನುಷ್ಯನ ಮೈಗೆ ತಟ್ಟುತ್ತದೆ ಎಂಬುದನ್ನು ಇಲ್ಲಿಯ ಜನ ಅನುಭವಿಸಿ ಬಲ್ಲರು. ಉಣ್ಣೆಯಿಂದ ಬರುವ ಜ್ವರ ಸುದ್ದಿಯಾಗುತ್ತದೆ. ತಟ್ಟೆಯಿಂದ ಬೇಳೆ ಮಾಯವಾಗುವುದು ಸುದ್ದಿಯಾಗುವುದಿಲ್ಲ. ಕಣಿವೆಯ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಭತ್ತ ಕೊಯ್ದ ಮೇಲೆ ಹಸಿ ಆರದ ಗದ್ದೆಯಲ್ಲಿ ಬಿತ್ತುತ್ತಿದ್ದ ಉದ್ದು, ಹೆಸರು ಗದ್ದೆಯೊಂದಿಗೇ ಹೋಗುತ್ತವೆ. ತೋಟದ ಯಜಮಾನನಿಗೆ ಅಡಿಕೆಯ ಹಣದಿಂದ ಬೇಳೆ ಬಂದೀತು. ತೋಟದಲ್ಲಿ ದುಡಿಯುವ ಮನೆಗೆ ಪಡಿತರದ ಅಕ್ಕಿ ಸಿಕ್ಕೀತು; ಬೇಳೆ ಎಲ್ಲಿಂದ? ಈ ಪ್ರಶ್ನೆಯನ್ನು ಬೀಜಮೇಳಗಳು ಕೇಳುತ್ತಿಲ್ಲ.

ಆಹಾರವು ಔಷಧಕ್ಕೆ ಬದಲಿಯೆಂದು ಇಲ್ಲಿ ಯಾರೂ ಭಾವಿಸಬಾರದು. ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಆಗಲೇಬೇಕು, ಮಾತ್ರೆಗಳನ್ನು ಪೂರ್ತಿ ನುಂಗಲೇಬೇಕು. ಸೇವಾಸಂಸ್ಥೆಯ ಆಸ್ಪತ್ರೆಯೊಂದಿದ್ದರೆ ಸರ್ಕಾರದ ಆಸ್ಪತ್ರೆ ಬೇಡವೆಂದೂ ಅರ್ಥವಲ್ಲ. ಗನಿಯಾರಿಯಂಥವು ದಾರಿ ತೋರಿಸಬಲ್ಲವು, ಇಡೀ ದೇಶದ ಭಾರ ಹೊರಲಾರವು.

ಪರಿಸರ ಬಳಗಗಳು ಮಾಡಬಹುದಾದ ಕೆಲಸ ಸಣ್ಣದು, ಆದರೆ ಈಗಲೇ ಆರಂಭಿಸುವಂಥದು. ಊರಿನ ಅಂಗನವಾಡಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೂಕ, ಎತ್ತರಗಳ ಲೆಕ್ಕವಿದೆ. ಯಾರ ಹೆಸರನ್ನೂ ಕೇಳದೆ, ಒಟ್ಟು ಸಂಖ್ಯೆಗಳನ್ನಷ್ಟೇ ಪಡೆದು, ಗ್ರಾಮಸಭೆಯಲ್ಲಿ ಬೆಳೆಯ ಲೆಕ್ಕದ ಪಕ್ಕದಲ್ಲಿ ಇಡಬೇಕು. ಎಷ್ಟು ಎಕರೆ ಗದ್ದೆ ಉಳಿದಿದೆ, ಎಷ್ಟು ಮನೆಗಳಲ್ಲಿ ವಾರಕ್ಕೆ ಎಷ್ಟು ದಿನ ಬೇಳೆ ಬೇಯುತ್ತದೆ, ಎಷ್ಟು ಮಕ್ಕಳ ಎತ್ತರ ಕುಂಠಿತವಾಗಿದೆ ಎಂಬ ಮೂರೂ ಒಂದೇ ಹಾಳೆಯ ಮೇಲೆ ಬರಲಿ. ಗದ್ದೆಯನ್ನು ಉಳಿಸಬೇಕೆಂಬ ವಾದಕ್ಕೆ ಅದಕ್ಕಿಂತ ಬಲವಾದ ಪುರಾವೆ ಬೇರೆ ದೊರಕಲಾರದು.