ಎದೆಯ ನೀರು, ಹೊಸ ನಳಿಕೆ



ಎದೆಯಾಗ ನೀರು ತುಂಬೇದ ಅಂತ ಯಾರೋ ಹೇಳಿದ್ದನ್ನು ನೀವು ಕೇಳಿರಬಹುದು. ನಮ್ಮ ಪುಪ್ಪುಸದ ಸುತ್ತ ಎರಡು ತೆಳು ಪೊರೆಗಳಿವೆ. ಅವುಗಳ ನಡುವೆ ನೀರು ನಿಂತರೆ ಪುಪ್ಪುಸ ಅರಳುವುದಿಲ್ಲ. ನಾಲ್ಕು ಹೆಜ್ಜೆ ನಡೆದರೂ ದಮ್ಮು ಹತ್ತುತ್ತದೆ. ಟಿ.ಬಿ.ಯಿಂದಲೂ ಹೀಗಾಗುತ್ತದೆ, ಕ್ಯಾನ್ಸರಿನಿಂದಲೂ ಆಗುತ್ತದೆ. ಟಿ.ಬಿ.ಯ ನೀರಾದರೆ ಮಾತ್ರೆಗಳನ್ನು ಪೂರ್ತಿ ನುಂಗಿದರೆ ಸಾಮಾನ್ಯವಾಗಿ ಇಂಗುತ್ತದೆ. ಸರಕಾರಿ ದವಾಖಾನೆಯಲ್ಲಿ ಅವು ಪುಕ್ಕಟೆ. ಕ್ಯಾನ್ಸರಿನ ನೀರು ಹಾಗಲ್ಲ. ತೆಗೆದರೂ ಮತ್ತೆ ತುಂಬುತ್ತದೆ.

ಅದಕ್ಕೆ ಹಳೆಯ ಉಪಾಯ ಒಂದಿದೆ. ದವಾಖಾನೆಯಲ್ಲಿ ಮಲಗಿಸಿ, ನೀರು ಇಳಿಸಿ, ಟಾಲ್ಕ್ ಎಂಬ ಪುಡಿ ಹಾಕಿ ಎರಡೂ ಪೊರೆಗಳನ್ನು ಅಂಟಿಸುವುದು. ಆಮೇಲೆ ಹೊಸ ನಳಿಕೆ ಬಂತು. ಅದರ ಒಂದು ತುದಿ ಎದೆಯೊಳಗೇ ಇರುತ್ತದೆ. ಹೊರಗಿನ ತುದಿಗೆ ಬಾಟಲಿ ಜೋಡಿಸಿ ಮನೆಯಲ್ಲೇ ನೀರು ತೆಗೆಯಬಹುದು. ಕೇಳಲಿಕ್ಕೆ ಚಂದ. ಆದರೆ ಹೊಸದು ಅಂದಮಾತ್ರಕ್ಕೆ ಒಳ್ಳೆಯದು ಅಂತ ನಂಬುವುದು ಹೇಗೆ?

ಬ್ರಿಟನ್ನಿನ ಡಾಕ್ಟರರು ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ತಿಳಿಸಿದರು. ಒಟ್ಟು 106 ರೋಗಿಗಳು. ಯಾರಿಗೆ ಪುಡಿ, ಯಾರಿಗೆ ನಳಿಕೆ ಎಂಬುದನ್ನು ಡಾಕ್ಟರರು ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ಹಂಚಿದರು. ಗಟ್ಟಿ ಇದ್ದವರೆಲ್ಲ ಒಂದೇ ಕಡೆ ಸೇರಿದರೆ ತಕ್ಕಡಿ ಸುಳ್ಳು ಹೇಳುತ್ತದಲ್ಲ!

ದಮ್ಮನ್ನು ಅಳೆದದ್ದು ಹೇಗೆ ಗೊತ್ತೇನ್ರಿ? ಯಂತ್ರದಿಂದಲ್ಲ. ಕಾಗದದ ಮೇಲೆ 100 ಮಿಲಿಮೀಟರ್ ಉದ್ದದ ಒಂದು ಗೆರೆ. ಅಂದರೆ ಅರ್ಧ ಗೇಣಿನಷ್ಟು. ಒಂದು ತುದಿ ಅಂದರೆ ದಮ್ಮೇ ಇಲ್ಲ. ಇನ್ನೊಂದು ತುದಿ ಅಂದರೆ ತಡೆಯಲಾರದಷ್ಟು ದಮ್ಮು. ರೋಗಿ ದಿನಾ ತನಗೆ ಅನಿಸಿದ ಕಡೆ ಗುರುತು ಹಾಕಬೇಕು. ಹೀಗೆ 42 ದಿನ. ಸಂಕಟ ಯಾರದೋ ಅವರ ಗುರುತೇ ಲೆಕ್ಕಕ್ಕೆ ಬಂತು. ನನಗಂತೂ ಇದು ಬಹಳ ಸರಿ ಕಂಡಿತು.

ಆ 42 ದಿನಗಳಲ್ಲಿ ಎರಡೂ ಕಡೆ ದಮ್ಮು ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಪುಡಿಯವರು ಮೊದಲ ಸಲ ಸಾಮಾನ್ಯವಾಗಿ 4 ದಿನ ದವಾಖಾನೆಯಲ್ಲಿ ಉಳಿದರು. ನಳಿಕೆಯವರಲ್ಲಿ ಅರ್ಧದಷ್ಟಾದರೂ ಮಂದಿ ಅಂದೇ ಮನೆ ಸೇರಿದರು. ಆದರೆ ನಳಿಕೆಯ ಕಡೆ 52 ಜನರಲ್ಲಿ 21 ಮಂದಿಗೆ ಒಂದಿಲ್ಲೊಂದು ತೊಂದರೆ ಆಯಿತು. ಪುಡಿಯ ಕಡೆ 54 ಜನರಲ್ಲಿ 7 ಮಂದಿಗೆ ಮಾತ್ರ.

ನಿಮ್ಮ ಮನೆಯಲ್ಲಿ ಇಂಥ ರೋಗಿ ಇದ್ದರೆ, ಡಾಕ್ಟರು ನಳಿಕೆ ಅಂದಾಗ ಕೇಳ್ರಿ. ನೀರು ಯಾವ ರೋಗದಿಂದ ಬಂದಿದೆ? ಬಾಟಲಿಗಳ ಖರ್ಚು ಎಷ್ಟು, ಮುಗಿದರೆ ಎಲ್ಲಿ ಸಿಗುತ್ತವೆ? ನೀರು ತೆಗೆಯುವುದನ್ನು ನಮಗೆ ಯಾರು ಕಲಿಸುತ್ತಾರೆ? ನಳಿಕೆ ಹಾಕಿಸಿದ ಮೇಲೆ ಜ್ವರ ಬಂದರೆ, ಸುತ್ತಲಿನ ಚರ್ಮ ಕೆಂಪಾದರೆ, ಕೀವು ಕಂಡರೆ ಅಂದೇ ದವಾಖಾನೆಗೆ ಹೋಗ್ರಿ.